ತ್ವಕ್ಕಿನಲ್ಲಿ ಜಂಗಮಲಿಂಗ



ನರಕ ಚತುರ್ದಶಿಯ ನಸುಕಿನಲ್ಲಿ ನಮ್ಮ ಕಲ್ಯಾಣ ಹುಮನಾಬಾದು ಸೀಮೆಯ ಮನೆಮನೆಗಳಲ್ಲಿಯೂ ಅಭ್ಯಂಗಸ್ನಾನವು ನಡೆಯುವುದೆಂಬುದು ತಮಗೆಲ್ಲ ವಿದಿತವಾದ ಸಂಗತಿಯೇ ಆಗಿದೆ. ಹಿಂದಿನ ಸಂಜೆ ತೊಳೆದು ನೀರು ತುಂಬಿದ ಹಂಡೆ, ಅದರ ಕೊರಳಿಗೆ ಸುತ್ತಿದ ಬಳ್ಳಿ, ಬಟ್ಟಲಲ್ಲಿ ಬೆಚ್ಚಗಾದ ಎಳ್ಳೆಣ್ಣೆ, ತಾಯಿಯ ಅಂಗೈ, ಇವನ್ನು ಮರೆತವರು ನಮ್ಮಲ್ಲಿ ಯಾರಿದ್ದಾರೆ? ಆ ಸ್ನಾನವೇ ಇಂದಿನ ನನ್ನ ಚಿಂತನೆಗೆ ಮೂಲವಾಯಿತು. ಮೈಯ ತೊಗಲನ್ನು ಆರೈಕೆ ಮಾಡುವ ಮಾತು ಮಠದ ಪತ್ರಿಕೆಗೆ ಏತಕ್ಕೆಂದು ಕೆಲವರು ಹುಬ್ಬೇರಿಸಬಹುದು. ಆದರೆ ಅಂಗವಿಲ್ಲದೆ ಲಿಂಗಸಂಬಂಧವಿಲ್ಲ. ಅಂಗಕ್ಕೆ ಹೊದಿಕೆಯಾಗಿರತಕ್ಕದ್ದು ತ್ವಕ್ಕು. ಆದುದರಿಂದ ತ್ವಕ್ಕನ್ನು ನಾವು ಹೇಗೆ ಕಾಣುತ್ತೇವೆ ಎಂಬ ಪ್ರಶ್ನೆಯು ಧರ್ಮದ ಪ್ರಶ್ನೆಯೇ ಹೊರತು ಕೇವಲ ಶೃಂಗಾರದ ಪ್ರಶ್ನೆಯಲ್ಲ.

ನನ್ನ ಬಾಲ್ಯದಲ್ಲಿ, ಅಂದರೆ ಐವತ್ತು ವರ್ಷಗಳ ಹಿಂದೆ, ನಮ್ಮ ಮನೆಯ ಬಚ್ಚಲಲ್ಲಿ ಇದ್ದ ಸಾಮಗ್ರಿ ಬಹು ಅಲ್ಪ. ತಲೆಗೆ ಸೀಗೆಪುಡಿ ಅಥವಾ ಅಂಟುವಾಳದ ಕಾಯಿಯ ನೊರೆ. ಮೈಗೆ ಕಡಲೆಹಿಟ್ಟು ಇಲ್ಲವೆ ಹೆಸರುಹಿಟ್ಟು. ಹೆಂಗಸರ ಕೆನ್ನೆಗೆ ಅರಿಶಿನ. ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೆ ಹರಳೆಣ್ಣೆ. ನಮ್ಮ ಗಡಿಸೀಮೆಯ ಮರಾಠಿ ಮಾತಿನ ನೆರೆಯವರು ದೀಪಾವಳಿಯ ಸುಗಂಧದ ಹಿಟ್ಟಿಗೆ ಉಟಣೆ ಎನ್ನುತ್ತಾರೆ. ಅದು ಸಂಸ್ಕೃತದ ಉದ್ವರ್ತನವೆಂಬ ಶಬ್ದದ ತದ್ಭವವೇ ಆಗಿದೆ. ವಾಗ್ಭಟಾಚಾರ್ಯರು ಅಷ್ಟಾಂಗಹೃದಯದ ದಿನಚರ್ಯಾಧ್ಯಾಯದಲ್ಲಿ ಅಭ್ಯಂಗವನ್ನು ನಿತ್ಯಕರ್ಮವೆಂದು ವಿಧಿಸಿ, ತಲೆ ಕಿವಿ ಪಾದಗಳಿಗೆ ವಿಶೇಷವಾಗಿ ಎಣ್ಣೆಯನ್ನು ಹಚ್ಚತಕ್ಕದ್ದೆಂದೂ, ಉದ್ವರ್ತನವು ತ್ವಕ್ಕಿಗೆ ಹಿತವೆಂದೂ ಹೇಳಿದ್ದಾರೆ. ಓದು ಬಾರದ ನಮ್ಮ ತಾಯಂದಿರು ಆ ಗ್ರಂಥದ ಹೆಸರನ್ನು ಕೇಳಿರಲಿಲ್ಲ. ಆದರೆ ಅದರ ಅರ್ಥವು ಅವರ ಅಂಗೈಯಲ್ಲಿತ್ತು.

ಈ ವಿಷಯದಲ್ಲಿ ನಮ್ಮ ಕಲ್ಯಾಣಕ್ಕೆ ಒಂದು ವಿಶೇಷವಾದ ಹಿರಿಮೆಯಿದೆ. ಇಂದು ಬಸವಕಲ್ಯಾಣವೆಂದು ನಾವು ಕರೆಯುವ ಈ ಊರು ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯರ ರಾಜಧಾನಿಯಾಯಿತು. ಆರನೆಯ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು 1126ರಿಂದ 1138ರ ವರೆಗೆ ಇಲ್ಲಿ ಆಳಿದನು. ಅವನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥಕ್ಕೆ ಅಭಿಲಷಿತಾರ್ಥ ಚಿಂತಾಮಣಿಯೆಂದೂ ಹೆಸರುಂಟು. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳು, ಒಟ್ಟು ನೂರು ಅಧ್ಯಾಯಗಳು. ಅವುಗಳಲ್ಲಿ ಮೂರನೆಯದು ಉಪಭೋಗಗಳನ್ನು ಹೇಳತಕ್ಕದ್ದು. ಅಲ್ಲಿ ಸ್ನಾನಭೋಗವೆಂಬ ಒಂದು ಅಧ್ಯಾಯವೂ ವಿಲೇಪನಭೋಗವೆಂಬ ಇನ್ನೊಂದು ಅಧ್ಯಾಯವೂ ಇವೆ. ಸುಗಂಧತೈಲದ ಅಭ್ಯಂಗ, ಮರ್ದನ, ಉದ್ವರ್ತನ, ಸ್ನಾನ, ಆಮೇಲೆ ಚಂದನ ಕೇಸರಿ ಕಸ್ತೂರಿ ಕರ್ಪೂರಗಳ ಲೇಪನ, ಹೀಗೆ ಅರಸನ ಮೈಗೆ ನಡೆಯತಕ್ಕ ಉಪಚಾರವು ಅಲ್ಲಿ ಶಾಸ್ತ್ರವೇ ಆಗಿದೆ. ತೊಗಲಿನ ಆರೈಕೆಯ ಚರಿತ್ರೆಯನ್ನು ಬರೆಯಬಯಸುವವರು ಒಮ್ಮೆ ನಮ್ಮ ಕಲ್ಯಾಣದ ಕೋಟೆಯ ಬಾಗಿಲಿಗೆ ಬಾರದೆ ಗತ್ಯಂತರವಿಲ್ಲ.

ಆದರೆ ಒಂದು ಮಾತನ್ನು ಇಲ್ಲಿ ವಿಚಾರಿಸಬೇಕು. ಆ ಭೋಗವು ಯಾರಿಗಾಗಿ ಹೇಳಲ್ಪಟ್ಟಿತು? ಅರಸನಿಗಾಗಿ. ಅವನ ಬಟ್ಟೆಯನ್ನು ಒಗೆದವನ ಕೈ ನೀರಿನಲ್ಲಿ ನೆಂದು ಬಿರಿದಿತ್ತು. ಅವನ ಪಾದರಕ್ಷೆಯನ್ನು ಹೊಲೆದವನ ಕೈ ಚರ್ಮವನ್ನು ಹದಮಾಡಿ ಒರಟಾಗಿತ್ತು. ಅವನ ಹೊಲವನ್ನು ಉತ್ತವನ ಬೆನ್ನು ಬಿಸಿಲಿಗೆ ಕಪ್ಪಾಗಿತ್ತು. ಅರಮನೆಯ ಶಾಸ್ತ್ರವು ಅವರಿಗೆ ಯಾವ ವಿಲೇಪನವನ್ನೂ ಹೇಳಲಿಲ್ಲ. ಮೈಯ ತೊಗಲನ್ನು ನೋಡಿ ಮನುಷ್ಯನ ಅಂತಸ್ತನ್ನು ಅಳೆಯುವ ಅಭ್ಯಾಸವು ಹೊಸ ಕಾಲದ್ದಲ್ಲ. ಅದು ಬಹಳ ಹಳೆಯದು.

ಸೋಮೇಶ್ವರನ ಗ್ರಂಥವು ಹುಟ್ಟಿ ನಾಲ್ಕು ದಶಕಗಳು ತುಂಬುವುದಕ್ಕೆ ಮೊದಲೇ, ಅದೇ ಕಲ್ಯಾಣದಲ್ಲಿ, ಬಿಜ್ಜಳನ ಕಾಲದಲ್ಲಿ ಬಸವಾದಿ ಪ್ರಮಥರು ಇನ್ನೊಂದು ಶಾಸ್ತ್ರವನ್ನು ಬೋಧಿಸಿದರು. ಮಡಿವಾಳ ಮಾಚಿದೇವರ ಬಿರಿದ ಕೈ ಅಲ್ಲಿ ಪೂಜ್ಯವಾಯಿತು. ಕಾಯಕದಿಂದ ಒರಟಾದ ಅಂಗೈಯೇ ಇಷ್ಟಲಿಂಗಕ್ಕೆ ಪೀಠವಾಯಿತು. ಶರೀರವನ್ನು ಗುಡಿಯೆಂದು ಬಗೆದ ಆ ಮಹಾತ್ಮರು ಗುಡಿಯ ಗೋಡೆಯ ಬಣ್ಣವನ್ನು ಕುರಿತು ಚಿಂತಿಸಲಿಲ್ಲ. ಒಳಗಿನ ದೀಪವನ್ನು ಕುರಿತು ಚಿಂತಿಸಿದರು. ಹಾಗೆಂದು ಅವರು ಶರೀರವನ್ನು ಹೀನವೆಂದು ದಂಡಿಸಲೂ ಇಲ್ಲ. ಪ್ರಸಾದಕಾಯವೆಂಬ ಒಂದೇ ಮಾತು ಇದಕ್ಕೆ ಸಾಕ್ಷಿ. ಗುರು ಲಿಂಗ ಜಂಗಮರ ಪ್ರಸಾದದಿಂದ ಬೆಳೆದ ಮೈಯನ್ನು ಕೆಡಿಸಿಕೊಳ್ಳುವ ಅಧಿಕಾರವು ನಮಗಿಲ್ಲ.

ಷಟ್‌ಸ್ಥಲ ಸಿದ್ಧಾಂತವು ಇದನ್ನು ಇನ್ನೂ ಸೂಕ್ಷ್ಮವಾಗಿ ಹೇಳುತ್ತದೆ. ಘ್ರಾಣದಲ್ಲಿ ಆಚಾರಲಿಂಗ, ಜಿಹ್ವೆಯಲ್ಲಿ ಗುರುಲಿಂಗ, ನೇತ್ರದಲ್ಲಿ ಶಿವಲಿಂಗ, ತ್ವಕ್ಕಿನಲ್ಲಿ ಜಂಗಮಲಿಂಗ, ಶ್ರೋತ್ರದಲ್ಲಿ ಪ್ರಸಾದಲಿಂಗ, ಹೃದಯದಲ್ಲಿ ಮಹಾಲಿಂಗ, ಹೀಗೆ ಆರು ನೆಲೆಗಳು. ನೇತ್ರದ ಮುಖದಿಂದ ಶಿವಲಿಂಗಕ್ಕೆ ಅರ್ಪಿತವಾಗತಕ್ಕದ್ದು ರೂಪ. ತ್ವಕ್ಕಿನ ಮುಖದಿಂದ ಜಂಗಮಲಿಂಗಕ್ಕೆ ಅರ್ಪಿತವಾಗತಕ್ಕದ್ದು ಸ್ಪರ್ಶ. ವಾಚಕ ಮಹಾಶಯರೇ, ಈ ವಿಂಗಡಣೆಯನ್ನು ತುಸು ನಿಂತು ಮನನಮಾಡಿರಿ. ರೂಪವು ಕಣ್ಣಿನ ಪದಾರ್ಥವೇ ಹೊರತು ತ್ವಕ್ಕಿನ ಪದಾರ್ಥವಲ್ಲ. ತ್ವಕ್ಕಿನ ಧರ್ಮವು ಮುಟ್ಟುವುದು, ಮುಟ್ಟಿಸಿಕೊಳ್ಳುವುದು, ಬಿಸಿ ತಂಪುಗಳನ್ನು ಅರಿಯುವುದು, ಕೂಸನ್ನು ಅಪ್ಪುವುದು, ಲಿಂಗವನ್ನು ಧರಿಸುವುದು. ತಾಯಿಯು ಎಣ್ಣೆ ಹಚ್ಚುವಾಗ ಕೂಸಿಗೆ ದೊರೆಯುವುದು ಬಣ್ಣವಲ್ಲ, ಸ್ಪರ್ಶ. ಅದೇ ಅಭ್ಯಂಗದ ಸಾರ. ನಾವು ಮಾಡಿದ ತಪ್ಪೆಂದರೆ, ಮುಟ್ಟಲು ಹುಟ್ಟಿದ ತ್ವಕ್ಕನ್ನು ಪರರ ಕಣ್ಣಿಗೆ ಒತ್ತೆಯಿಟ್ಟದ್ದು.

ಹರಳಯ್ಯನವರ ಕಥೆಯನ್ನು ಇಲ್ಲಿ ನೆನೆಯದೆ ಇರಲಾಗದು. ಅಣ್ಣನು ತನ್ನ ಒಂದು ಶರಣಿಗೆ ಎರಡು ಶರಣು ಮರಳಿಸಿದನೆಂಬ ಋಣಭಾರವನ್ನು ತಾಳಲಾರದೆ, ಹರಳಯ್ಯನವರೂ ಅವರ ಧರ್ಮಪತ್ನಿ ಕಲ್ಯಾಣಮ್ಮನವರೂ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆಯನ್ನು ಮಾಡಿ ಅರ್ಪಿಸಿದರೆಂದೂ, ಬಸವಣ್ಣನವರು ಅದನ್ನು ಮೆಟ್ಟದೆ ತಲೆಯ ಮೇಲೆ ಹೊತ್ತರೆಂದೂ ನಮ್ಮ ಪರಂಪರೆಯು ಹೇಳುತ್ತದೆ. ಬಸವಕಲ್ಯಾಣಕ್ಕೆ ಬಂದ ಯಾತ್ರಿಕರು ಇಂದಿಗೂ ಹರಳಯ್ಯನವರ ಗವಿಯನ್ನು ದರ್ಶಿಸುತ್ತಾರೆ. ಆ ಚರ್ಮವು ಕರಿಯದೋ ಬಿಳಿಯದೋ ಎಂದು ಎಂಟುನೂರು ವರ್ಷಗಳಲ್ಲಿ ಯಾರಾದರೂ ಕೇಳಿದ್ದುಂಟೇ? ಭಕ್ತಿಯಿಂದ ಅರ್ಪಿತವಾದ ತೊಗಲಿಗೆ ಬಣ್ಣವಿಲ್ಲ.

ಇನ್ನು ಹೊಸ ಕಾಲಕ್ಕೆ ಬರೋಣ. ಮೊದಲನೆಯ ಮಹಾಯುದ್ಧದಿಂದ ಮೈಸೂರಿನ ಗಂಧದ ಮರವು ಯೂರೋಪಿಗೆ ಹೋಗುವುದು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಸರಕಾರವು 1916ರಲ್ಲಿ ಗಂಧದೆಣ್ಣೆಯನ್ನು ಇಲ್ಲಿಯೇ ತೆಗೆಯಲು ಆರಂಭಿಸಿತು; ಅದರ ಬೆನ್ನಲ್ಲಿಯೇ ಬೆಂಗಳೂರಿನಲ್ಲಿ ಸರಕಾರಿ ಸಾಬೂನು ಕಾರ್ಖಾನೆಯೂ ನಡೆಯಿತು. ಸೋಮೇಶ್ವರ ಚಕ್ರವರ್ತಿಯ ಮೈಗೆ ಮೀಸಲಾಗಿದ್ದ ಚಂದನವು ಹೀಗೆ ಬಡ ಗೃಹಸ್ಥನ ಬಚ್ಚಲಿಗೂ ಬಂದಿತು. ಆಗ ನಮ್ಮ ಸೀಮೆಯು ನಿಜಾಮರ ಆಳಿಕೆಯಲ್ಲಿತ್ತು. 1948ರಲ್ಲಿ ಆ ಆಳಿಕೆಯು ಮುಗಿದು, 1956ರಲ್ಲಿ ಬೀದರ ಜಿಲ್ಲೆಯು ಕನ್ನಡ ನಾಡಿನೊಡನೆ ಕೂಡಿತು. ಕಾಲಕ್ರಮದಲ್ಲಿ ಸಂತೆಯ ಗಂಟಿನೊಳಗೆ ಸೀಗೆಯ ಜಾಗದಲ್ಲಿ ಸಾಬೂನು ಬಂದಿತು. ಇದರಲ್ಲಿ ಕೆಡುಕೇನೂ ಇಲ್ಲ. ಸಾಬೂನು ರೋಗಾಣುಗಳನ್ನು ತೊಳೆಯುತ್ತದೆ. ಊಟಕ್ಕೆ ಮುಂಚೆ, ಶೌಚದ ನಂತರ ಸಾಬೂನಿನಿಂದ ಕೈ ತೊಳೆಯುವ ಅಭ್ಯಾಸವು ಎಷ್ಟೋ ಕೂಸುಗಳ ಪ್ರಾಣವನ್ನು ಉಳಿಸಿದೆ. ಹಳೆಯದೆಲ್ಲವೂ ಹೊನ್ನು, ಹೊಸದೆಲ್ಲವೂ ಮಣ್ಣು ಎನ್ನತಕ್ಕವನು ನಾನಲ್ಲ.

ಮುಂದೆ 1975ರಲ್ಲಿ ಹಿಂದುಸ್ತಾನ್ ಲೀವರ್ ಸಂಸ್ಥೆಯು ಫೇರ್ ಅಂಡ್ ಲವ್ಲಿ ಎಂಬ ಲೇಪವನ್ನು ನಮ್ಮ ದೇಶದ ಪೇಟೆಗೆ ತಂದಿತು. ಬಿಳುಪೆಂಬುದೂ ಚೆಲುವೆಂಬುದೂ ಒಂದೇ ಎಂದು ಅದರ ಹೆಸರೇ ಸಾರುತ್ತಿತ್ತು. ನಾಲ್ಕೂವರೆ ದಶಕಗಳ ಮೇಲೆ, 2020ರಲ್ಲಿ, ಲೋಕದ ಟೀಕೆಗೆ ಮಣಿದು ಆ ಹೆಸರನ್ನು ಗ್ಲೋ ಅಂಡ್ ಲವ್ಲಿ ಎಂದು ಬದಲಿಸಿದರು. ಡಬ್ಬಿಯ ಮೇಲಿನ ಅಕ್ಷರವು ಬದಲಾಯಿತು; ನಮ್ಮ ಮನಸ್ಸಿನ ಮೇಲಿನ ಅಕ್ಷರವು ಬದಲಾಯಿತೇ? ಪೇಟೆಯವರನ್ನು ಮಾತ್ರ ನಿಂದಿಸಿ ಕೈತೊಳೆದುಕೊಳ್ಳುವುದೂ ನ್ಯಾಯವಲ್ಲ. ಬಸುರಿಗೆ ಕೇಸರಿಯ ಹಾಲನ್ನು ಕುಡಿಸಿದರೆ ಕೂಸು ಬೆಳ್ಳಗೆ ಹುಟ್ಟುವುದೆಂದು ಹೇಳಿದವರು ನಮ್ಮ ಅಜ್ಜಿಯರೇ. ಹಸುಳೆಯ ಮೈಗೆ ಹಿಟ್ಟನ್ನು ಉಜ್ಜಿ ಉಜ್ಜಿ ಬಣ್ಣ ತೆಗೆಯಲು ಹೊರಟವರೂ ಅವರೇ. ಅಂಗಡಿಯವನು ನಮ್ಮಲ್ಲಿ ಇದ್ದ ಬೀಜಕ್ಕೆ ನೀರೆರೆದನು, ಅಷ್ಟೆ. ಹಿಂದೆ ಮೈಯನ್ನು ತೊಳೆಯುತ್ತಿದ್ದೆವು. ಈಗ ಮೈಯನ್ನೇ ಅಳಿಸಲು ಹೊರಟಿದ್ದೇವೆ. ಕಾಲದಿಂದ ಕಾಲಕ್ಕೆ ಆದ ಬದಲಾವಣೆಯಲ್ಲಿ ನನಗೆ ಭಯವನ್ನುಂಟುಮಾಡುವುದು ಇದೊಂದೇ.

ಈಗ ನನ್ನದೇ ಒಂದು ಅಪರಾಧವನ್ನು ತಮ್ಮ ಮುಂದೆ ನಿವೇದಿಸುತ್ತೇನೆ. ಉಪದೇಶ ಮಾಡುವವನು ಮೊದಲು ತನ್ನ ಬೆನ್ನನ್ನು ನೋಡಿಕೊಳ್ಳತಕ್ಕದ್ದು. ಹಲವು ವರ್ಷಗಳ ಹಿಂದೆ, ನಮ್ಮ ನೆಂಟರೊಬ್ಬರು ಮಗನಿಗೆ ಕನ್ಯೆಯನ್ನು ನೋಡಲು ಹೊರಟಾಗ, ಮಠದ ಶಾಲೆಯ ಮಾಸ್ತರರೆಂಬ ಗೌರವದಿಂದ ನನ್ನನ್ನೂ ಕರೆದೊಯ್ದರು. ಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ದಾರಿಯ ಒಂದು ಹಳ್ಳಿ. ಹುಡುಗಿಯು ಓದಿದವಳು, ವಿನಯವುಳ್ಳವಳು. ವಚನಗಳನ್ನು ಸ್ವರಶುದ್ಧವಾಗಿ ಹಾಡಿದಳು. ಅವರು ಬಡಿಸಿದ ಪ್ರಸಾದವನ್ನು ಉಂಡು ಎದ್ದೆವು. ಅಂಗಳವನ್ನು ದಾಟುವಾಗ ನಾನು, "ಎಲ್ಲ ಸರಿ, ಬಣ್ಣ ಒಂದಿಷ್ಟು ಕಡಿಮೆ" ಎಂದೆನು. ಸಂಬಂಧವು ಕೂಡಿಬರಲಿಲ್ಲ. ಆ ಮಾತನ್ನು ನಾನು ಮನೆಗೆ ಬರುವಷ್ಟರಲ್ಲಿ ಮರೆತೆನು.

ಎರಡು ವರ್ಷಗಳ ಮೇಲೆ, ಹುಮನಾಬಾದಿನ ವೀರಭದ್ರೇಶ್ವರನ ಜಾತ್ರೆಯಲ್ಲಿ ಆ ತಾಯಿ ಮಗಳನ್ನು ಕಂಡೆನು. ಮಗಳು ಸೆರಗಿನಿಂದ ಮುಖವನ್ನು ಮರೆಮಾಡಿಕೊಂಡಿದ್ದಳು. ಸೆರಗು ಸರಿದಾಗ ನೋಡಿದೆ: ಕೆನ್ನೆಗಳು ಸುಟ್ಟಂತೆ ಕೆಂಪಾಗಿ, ತೊಗಲು ತೆಳುವಾಗಿ, ಒಳಗಿನ ಸಣ್ಣ ನರಗಳು ಕಾಣುತ್ತಿದ್ದುವು. ಯಾರೋ ಹೇಳಿದ ಕೊಳವೆಯ ಮುಲಾಮನ್ನು ವೈದ್ಯರ ಚೀಟಿಯಿಲ್ಲದೆ ತಂದು ಒಂದೂವರೆ ವರ್ಷ ಹಚ್ಚಿದ್ದಳಂತೆ. ಮೊದಲ ತಿಂಗಳು ಮುಖವು ಬೆಳ್ಳಗಾಯಿತಂತೆ; ಆಮೇಲೆ ಬಿಟ್ಟರೆ ಉರಿ, ಹಚ್ಚಿದರೆ ಹಾನಿ. ಒಲೆಯ ಮುಂದೆ ನಿಲ್ಲಲಾರಳು, ಬಿಸಿಲಿಗೆ ಹೋಗಲಾರಳು. ತಾಯಿಯು ಸಿಟ್ಟಿನಿಂದ ಮಾತನಾಡಲಿಲ್ಲ. "ನೀವು ತಿಳಿದವರು, ನೀವೇ ಅಂದ ಮೇಲೆ ನಿಜವಿರಬೇಕು ಅಂತ ಹಚ್ಚಿಕೊಂಡಳು, ಗುರುಗಳೇ" ಎಂದರು. ನಾನು ಅಂಗಳದಲ್ಲಿ ಆಡಿದ ಮಾತು ಒಳಗೆ ಕೇಳಿಸಿತ್ತು. ಅಂದು ವೀರಭದ್ರನ ಗುಡಿಯ ಮುಂದೆ ನಿಂತು ನನಗೆ ತಲೆಯೆತ್ತಲು ಆಗಲಿಲ್ಲ. ಆ ಮಗಳಲ್ಲಿ ಕ್ಷಮೆಯನ್ನು ಬೇಡಿದೆನು. ಚರ್ಮವೈದ್ಯರಲ್ಲಿಗೆ ನಾನೇ ಜೊತೆಗೆ ಹೋದೆನು. ಬಹುಕಾಲದ ಚಿಕಿತ್ಸೆಯಿಂದ ಗುಣ ಕಂಡಿದೆ. ಆದರೂ ವೈಶಾಖದ ಬಿಸಿಲು ಇಂದಿಗೂ ಅವಳಿಗೆ ಸಹ್ಯವಲ್ಲ.

ವೈದ್ಯರು ವಿವರಿಸಿದ ಮಾತನ್ನು ತಮಗೂ ತಿಳಿಸುವುದು ನನ್ನ ಕರ್ತವ್ಯ. ಅಂತಹ ಮುಲಾಮುಗಳಲ್ಲಿ ಸ್ಟೀರಾಯ್ಡ್ ಎಂಬ ತೀಕ್ಷ್ಣವಾದ ಔಷಧವಿರುತ್ತದೆ. ವೈದ್ಯರು ರೋಗವನ್ನರಿತು, ಅಳತೆಯಿಂದ, ಕೆಲವು ದಿನಗಳ ಮಟ್ಟಿಗೆ ಕೊಟ್ಟರೆ ಅದು ಅಮೃತ. ಬಿಳುಪಿನ ಆಸೆಯಿಂದ ತಿಂಗಳುಗಟ್ಟಲೆ ಮುಖಕ್ಕೆ ಬಳಿದರೆ ವಿಷ. ತೊಗಲು ತೆಳುವಾಗುತ್ತದೆ, ಮೊಡವೆಗಳೇಳುತ್ತವೆ, ಹೆಂಗಸರ ಮುಖದ ಮೇಲೆ ಕೂದಲು ಬೆಳೆಯುವುದೂ ಉಂಟು. ಇದನ್ನು ಮನಗಂಡು ಕೇಂದ್ರ ಸರಕಾರವು 2018ರ ಮಾರ್ಚಿನಲ್ಲಿ 14 ಬಗೆಯ ಸ್ಟೀರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ವಿಧಿಸಿತು. ಇನ್ನು ಕೆಲವು ಹೆಸರಿಲ್ಲದ ಡಬ್ಬಿಗಳಲ್ಲಿ ಪಾದರಸವನ್ನು ಬೆರೆಸಿರುತ್ತಾರೆ. ಅದು ತೊಗಲಿನ ಮೂಲಕ ಒಳಗೆ ಇಳಿದು ಮೂತ್ರಪಿಂಡವನ್ನು ಕೆಡಿಸುತ್ತದೆ. ಕೇರಳದ ಮಲಪ್ಪುರಂ ಸೀಮೆಯಲ್ಲಿ ಇಂತಹ ಬಿಳುಪಿನ ಲೇಪಗಳನ್ನು ಬಳಸಿದವರಲ್ಲಿ ಮೂತ್ರಪಿಂಡದ ರೋಗವನ್ನು ವೈದ್ಯರು 2023ರ ವರೆಗಿನ ವರ್ಷಗಳಲ್ಲಿ ಕಂಡುಹಿಡಿದರು.

ಇಷ್ಟಕ್ಕೂ ಕಪ್ಪೆಂಬುದು ಏನು? ತೊಗಲಿನ ಮೇಲ್ಪದರದ ತಳದಲ್ಲಿ ವರ್ಣಕಣಗಳನ್ನು ತಯಾರಿಸುವ ಜೀವಕೋಶಗಳಿವೆ. ಅವುಗಳ ಸಂಖ್ಯೆಯು ಕರಿಯರಲ್ಲಿಯೂ ಬಿಳಿಯರಲ್ಲಿಯೂ ಸುಮಾರಾಗಿ ಒಂದೇ. ಅವು ಮೆಲನಿನ್ ಎಂಬ ವರ್ಣದ್ರವ್ಯವನ್ನು ಎಷ್ಟು ಕೊಡುತ್ತವೆ ಎಂಬುದರಲ್ಲಿ ಮಾತ್ರ ಭೇದ. ಆ ವರ್ಣದ್ರವ್ಯವು ಪ್ರತಿಯೊಂದು ಕೋಶದ ಮೂಲಬೀಜದ ಮೇಲೆ ಕೊಡೆಯಂತೆ ನಿಂತು ಸೂರ್ಯನ ಉಗ್ರ ಕಿರಣಗಳನ್ನು ತಡೆಯುತ್ತದೆ. ನಮ್ಮ ಕರಿಮಣ್ಣಿನ ಸೀಮೆಯ ಬಿಸಿಲಿನಲ್ಲಿ ಜೋಳ ತೊಗರಿಗಳನ್ನು ಬೆಳೆಯುವ ಒಕ್ಕಲಿಗನಿಗೆ ಶಿವನು ಹುಟ್ಟುವಾಗಲೇ ಕೊಟ್ಟ ಕೊಡೆಯದು. ಶಿವನಿತ್ತ ಕೊಡೆಯನ್ನು ಕಿತ್ತೆಸೆದು ಬಿಸಿಲಿಗೆ ನಿಲ್ಲುವವನನ್ನು ಬುದ್ಧಿವಂತನೆನ್ನಬಹುದೇ?

ಕಡೆಗೆ ಒಂದು ಮಾತು. ಅದನ್ನು ನೆನೆದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ. ನಾವು ಪ್ರತಿದಿನವೂ ಬೆಳಿಗ್ಗೆ ಮಜ್ಜನ ಮಾಡಿ, ವಿಭೂತಿಯನ್ನು ಧರಿಸಿ, ಇಷ್ಟಲಿಂಗವನ್ನು ಕರಸ್ಥಲಕ್ಕೆ ತಂದು ಎವೆಯಿಕ್ಕದೆ ನೋಡುತ್ತೇವೆ. ಆ ಲಿಂಗದ ಮೇಲಿನ ಕಂತಿಯ ವರ್ಣ ಯಾವುದು? ಕಪ್ಪು. ಆ ಕಪ್ಪಿನ ಮೇಲೆಯೇ ಜ್ಯೋತಿಯ ಬಿಂದುವು ಹೊಳೆಯುತ್ತದೆ. ಆ ಕಪ್ಪಿನಲ್ಲಿಯೇ ದೃಷ್ಟಿಯು ನಿಲ್ಲುತ್ತದೆ. ಸೋಮೇಶ್ವರನು ಮೈಗೆ ಪೂಸಿಕೊಂಡ ಕಸ್ತೂರಿಯೂ ಕಪ್ಪೇ ಅಲ್ಲವೇ? ಅಂಗೈಯಲ್ಲಿ ಕಪ್ಪನ್ನು ಪರಶಿವನೆಂದು ಪೂಜಿಸಿ, ಅದೇ ಹೊತ್ತು ಮಧ್ಯಾಹ್ನ ಇನ್ನೊಬ್ಬರ ಮನೆಗೆ ಹೋಗಿ ಕನ್ಯೆಯ ಬಣ್ಣ ಕಡಿಮೆಯೆನ್ನುವ ನಾಲಗೆಯು ಲಿಂಗವಂತನ ನಾಲಗೆಯೇ? ಆ ನಾಲಗೆಯಲ್ಲಿ ಗುರುಲಿಂಗವು ನೆಲೆಸಿದೆಯೆಂದು ನಾವು ನಂಬಿದ್ದೇವೆ!

ಆದುದರಿಂದ ಗೃಹಸ್ಥರಾದ ತಮ್ಮಲ್ಲಿ ನನ್ನ ಬಿನ್ನಹವಿಷ್ಟೆ. ಮೈಯನ್ನು ಶುಚಿಯಾಗಿಡಿರಿ, ಹಬ್ಬದ ಅಭ್ಯಂಗವನ್ನು ಬಿಡಬೇಡಿರಿ, ಸಾಬೂನು ತೊಗಲನ್ನು ಒಣಗಿಸಿದರೆ ಸ್ವಲ್ಪ ಎಣ್ಣೆಯನ್ನು ಹಚ್ಚಿರಿ. ತೊಗಲಿಗೆ ರೋಗ ಬಂದರೆ ವೈದ್ಯರಿಗೆ ತೋರಿಸಿರಿ. ಅಂಗಡಿಯವನನ್ನೂ ನೆರೆಯವಳನ್ನೂ ಕೇಳಿ ಮುಲಾಮನ್ನು ತರಬೇಡಿರಿ. ಈಗಾಗಲೇ ಅಂತಹ ಮುಲಾಮಿನ ಬಲೆಗೆ ಬಿದ್ದವರು ಒಮ್ಮೆಗೇ ಬಿಟ್ಟು ನರಳದೆ, ವೈದ್ಯರ ಸಲಹೆಯಂತೆ ಬಿಡತಕ್ಕದ್ದು. ಮಗಳ ಮುಂದೆ ಅವಳ ಬಣ್ಣದ ಮಾತನ್ನು ಹಾಸ್ಯಕ್ಕೂ ಆಡಬೇಡಿರಿ. ನಾನು ಈಗಲೂ ಸಂಬಂಧ ನೋಡಲು ಹೋಗುವುದುಂಟು. ಆದರೆ ಗಾಡಿಯನ್ನು ಏರುವ ಮೊದಲು ಒಂದು ಕರಾರು ಹಾಕುತ್ತೇನೆ. ಹೋಗುವಾಗಲೂ ಬರುವಾಗಲೂ ಬಣ್ಣದ ಮಾತನ್ನು ಯಾರೂ ಎತ್ತಕೂಡದು. ಒಪ್ಪದವರು ನನ್ನನ್ನು ಬಿಟ್ಟು ಹೋಗಬಹುದು. ಒಬ್ಬಿಬ್ಬರು ಬಿಟ್ಟುಹೋದರು, ಉಳಿದವರು ಒಪ್ಪಿದರು.

ಹುಮನಾಬಾದಿನ ಸಮೀಪದಲ್ಲಿರುವ ಜಲಸಂಗ್ವಿಯ ದೇವಾಲಯವನ್ನು ತಾವು ಮಕ್ಕಳೊಡನೆ ಒಮ್ಮೆ ನೋಡಿ ಬನ್ನಿರಿ. ಚಾಲುಕ್ಯರ ಕಾಲದ ಆ ಗುಡಿಯ ಹೊರಗೋಡೆಯಲ್ಲಿ ಚೆಲುವೆಯರ ಶಿಲ್ಪಗಳು ಸಾಲಾಗಿ ನಿಂತಿವೆ. ಅವರಲ್ಲಿ ಒಬ್ಬಳು ಕನ್ನಡಿಯಲ್ಲಿ ಮುಖವನ್ನು ನೋಡಿಕೊಳ್ಳುತ್ತಿಲ್ಲ. ವಿಕ್ರಮಾದಿತ್ಯನನ್ನು ಕುರಿತ ಶಾಸನವನ್ನು ಬರೆಯುತ್ತಿದ್ದಾಳೆ. ಒಂಬೈನೂರು ವರ್ಷಗಳಿಂದ ಮಳೆ ಬಿಸಿಲುಗಳು ಅವಳ ಮೈಯನ್ನು ಮುಟ್ಟುತ್ತಿವೆ; ಅವಳ ಚೆಲುವು ಕೈಯ ಕೆಲಸದಲ್ಲಿದೆ. ನಮ್ಮ ಹೆಣ್ಣುಮಕ್ಕಳಿಗೂ ಅಂತಹ ಕೈಯನ್ನು, ಅಂತಹ ನಿಲುವನ್ನು ಪರಶಿವನು ಕರುಣಿಸಲಿ. ಅವರನ್ನು ನೋಡುವ ನಮಗೆ ಶುದ್ಧವಾದ ಕಣ್ಣನ್ನು ಕೊಡಲಿ.